ಬಚ್ಚಲುಮನೆಯ ಮಡಿ

ಒಡೆದ ಮೊಬೈಲುಗಳಿಗೆ ಹೊಸ ಗಾಜು ಕೂರಿಸುವುದು ನನ್ನ ಕೆಲಸ. ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗಂಡನ ಅಂಗಡಿ ಇದೆ. ಬೋರ್ಡಿನ ಮೇಲಿರುವುದು ಅವರ ನಂಬರು, ಕೌಂಟರಿನಲ್ಲಿ ಕೂರುವವರೂ ಅವರೇ. ಗಾಜು ಕೂರಿಸುವವಳು ಮಾತ್ರ ನಾನು, ಮನೆಯಲ್ಲಿ, ಅದೂ ಬಚ್ಚಲುಮನೆಯಲ್ಲಿ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಹೆದ್ದಾರಿಯ ಧೂಳು ಬೀಳದ ಜಾಗ ನಮ್ಮ ಪಾಲಿಗೆ ಅದೊಂದೇ.

ಫೋನು ಒಡೆಯಲು ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಕಬ್ಬಿನ ಟ್ರ್ಯಾಕ್ಟರಿನಿಂದ ಬೀಳುತ್ತದೆ, ಬಗ್ಗಿದಾಗ ಮೇಲು ಜೇಬಿನಿಂದ ಬೀಳುತ್ತದೆ, ಗಂಡ ಹೆಂಡಿರ ಜಗಳದಲ್ಲಿ ಗೋಡೆಗೆ ಬೀಳುತ್ತದೆ. ಗೋಡೆಗೆ ಬಿದ್ದದ್ದನ್ನೂ ಕೈ ಜಾರಿ ಬಿತ್ತೆಂದೇ ತಂದುಕೊಡುತ್ತಾರೆ. ಒಡೆದ ರೀತಿ ನೋಡಿದರೆ ನನಗೆ ಗೊತ್ತಾಗುತ್ತದೆ, ಆದರೆ ಕೇಳಲು ಹೋಗುವುದಿಲ್ಲ. ಕೊಹೀರಿನವರು, ಝರಾಸಂಗದವರು ತಾವೇ ಬಂದು ಕೊಡುತ್ತಾರೆ. ನಾರಾಯಣಖೇಡದ ಒಬ್ಬ ಅಂಗಡಿಯವನು ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ, ಒಡೆದವನ್ನು ಅದರಲ್ಲಿ ಮಲಗಿಸಿ ಬಸ್ಸಿಗೆ ಹಾಕುತ್ತಾನೆ.

ಮೇಲಿನ ಗಾಜು ಮಾತ್ರ ಒಡೆದು ಒಳಗಿನ ಪರದೆ ಬದುಕಿದ್ದರೆ ಪೂರಾ ಡಿಸ್‌ಪ್ಲೇ ಬದಲಿಸಬೇಕಾಗಿಲ್ಲ. ಬಿಸಿ ತಟ್ಟೆಯ ಮೇಲಿಟ್ಟು, ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಎರಡರ ನಡುವೆ ಎಳೆದು ಒಡೆದ ಗಾಜನ್ನು ಬಿಡಿಸಬೇಕು. ಹಳೆಯ ಅಂಟನ್ನು ಬೆರಳಿನಿಂದ ಉರುಳಿಸಿ ಉರುಳಿಸಿ ತೆಗೆಯಬೇಕು. ಆಮೇಲೆ ಎರಡೂ ಮುಖಕ್ಕೆ ಅಂಟುವ ಗಮ್ ಶೀಟು ಹಾಸಿ ಅದರ ಮೇಲೆ ಹೊಸ ಗಾಜು ಇಡಬೇಕು. ಕಷ್ಟವಿರುವುದು ಈ ಇಡುವುದರಲ್ಲೇ. ಒಳಗೆ ಗಾಳಿ ಉಳಿದರೆ ಗುಳ್ಳೆ. ಬರೀ ಗಾಳಿಯಾಗಿದ್ದರೆ ಪ್ರೆಶರ್ ಮಷೀನಿನಲ್ಲಿ ಅರ್ಧ ಗಂಟೆ ಇಟ್ಟರೆ ಹೋಗುತ್ತದೆ. ಗಾಳಿಯ ನಡುವೆ ಒಂದು ಕಣ ಧೂಳು ಸಿಕ್ಕಿಕೊಂಡಿದ್ದರೆ ಹೋದಂತೆ ಕಂಡು, ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಎದ್ದಿರುತ್ತದೆ. ಗಿರಾಕಿಗಳಿಗೆ ಅದಕ್ಕೆ ಮಾತ್ರ ಎಲ್ಲಿಲ್ಲದ ಕಣ್ಣು. ಮನೆಯ ಗೋಡೆ ಬಿರುಕು ಬಿಟ್ಟರೂ ವರ್ಷಗಟ್ಟಲೆ ಸುಮ್ಮನಿರುವವರು ಸಾಸಿವೆಯಷ್ಟು ಗುಳ್ಳೆ ಕಂಡರೆ ಅಂಗಡಿಗೆ ಬಂದು ನಿಲ್ಲುತ್ತಾರೆ.

ಈ ಕೆಲಸ ನಾನು ಕಲಿತದ್ದು ತಾಂಡೂರಿನಲ್ಲಿ, ಮದುವೆಗೆ ಮುಂಚೆ. ಕಲ್ಲಿನ ಊರು ಅದು. ನೆಲಕ್ಕೆ ಹಾಸುವ ನೀಲಿ ಫರಸಿಯನ್ನು ಅಗೆದು, ಕೊಯ್ದು, ಉಜ್ಜಿ ಲಾರಿಗೆ ತುಂಬುವ ಊರು. ಇಂಟರ್, ಅಂದರೆ ಪಿಯುಸಿ, ಮುಗಿಸಿ ಒಂದು ಮೊಬೈಲ್ ಅಂಗಡಿಯಲ್ಲಿ ಕವರ್ ಮಾರಲು ಸೇರಿಕೊಂಡಿದ್ದೆ. ಒಳಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಉಸ್ತಾದರು ನಾನು ಸ್ಕ್ರೀನ್ ಗಾರ್ಡ್ ಅಂಟಿಸುವುದನ್ನು ಎರಡು ದಿನ ನೋಡಿ, ಈ ಹುಡುಗಿಯ ಕೈ ನಡುಗುವುದಿಲ್ಲ ಎಂದು ಮಾಲೀಕರಿಗೆ ಹೇಳಿ ಒಳಗೆ ಕರೆಸಿಕೊಂಡರು. ಗಾಜು ಇಡುವಾಗ ಉಸಿರು ಬಿಡಬಾರದು ಎಂದು ಕಲಿಸಿದವರು ಅವರೇ. ನಾನು ಮೊದಲ ಸಲ ಕೆಡಿಸಿದ ಡಿಸ್‌ಪ್ಲೇಯನ್ನು ಬೆಳಕಿಗೆ ಹಿಡಿದು ಅವರು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ.

"ಗಾಳಿ ಹೋಗ್ತದ ಬೇಟಿ, ಧೂಳ ಹೋಗಲ್ಲ. ಬರಲಾರದಂಗ ನೋಡ್ಕೋಬೇಕು. ಒಳಗ ಕುಂತ ಮ್ಯಾಲ ಏನೂ ಮಾಡಾಕ ಬರಲ್ಲ."

ನಮ್ಮಪ್ಪ ಅದೇ ಊರಿನಲ್ಲಿ ಮೂವತ್ತು ವರ್ಷ ಫರಸಿಯ ಅಂಚು ಉಜ್ಜಿದವರು. ದೊಡ್ಡ ಮಷೀನಿಗೆ ನೀರು ಬಿಡುತ್ತಾರೆ, ಧೂಳು ಕೆಸರಾಗಿ ಹರಿದುಹೋಗುತ್ತದೆ. ಅಂಚು ಉಜ್ಜುವುದು ಕೈ ಮಷೀನಿನಲ್ಲಿ, ಒಣಗಿದ ಕಲ್ಲಿನ ಮೇಲೆ. ಸಂಜೆ ಅವರು ಮನೆಗೆ ಬರುವಾಗ ರೆಪ್ಪೆ, ಹುಬ್ಬು, ಕಿವಿಯ ಕೂದಲು ಎಲ್ಲ ಬೂದಿ ಬಣ್ಣ. ಚಿಕ್ಕವಳಿದ್ದಾಗ ನಾನು ಅವರ ಬೆನ್ನಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದೆ. ಬಾಯಿಗೆ ಕಟ್ಟಿಕೊಳ್ಳುತ್ತಿದ್ದುದು ಒಂದು ಟವೆಲು, ಅದನ್ನೂ ಮಾತಾಡಲು ಆಗುವುದಿಲ್ಲವೆಂದು ಕೆಳಗೆ ಎಳೆದುಕೊಂಡಿರುತ್ತಿದ್ದರು. ಆಗ ಯಾರಿಗೂ ಅದು ತಪ್ಪೆಂದು ಕಾಣುತ್ತಿರಲಿಲ್ಲ.

ನಾನು ಅಂಗಡಿ ಸೇರಿದ ಹೊಸದರಲ್ಲಿ ಅಪ್ಪ ಒಂದು ಸಂಜೆ ಕೆಲಸ ಮುಗಿಸಿ, ಧೂಳಿನ ಮೈಯಲ್ಲೇ ನನ್ನನ್ನು ಕರೆದೊಯ್ಯಲು ಬಂದರು. ಕಾಲು ಒಳಗಿಟ್ಟದ್ದೇ ತಡ, ಉಸ್ತಾದರು ಕೈಯಲ್ಲಿದ್ದ ಡಿಸ್‌ಪ್ಲೇಯನ್ನು ಬಟ್ಟೆಯಿಂದ ಮುಚ್ಚಿ, ಬಹಳ ಮರ್ಯಾದೆಯಿಂದಲೇ, ಸ್ವಲ್ಪ ಹೊರಗೆ ನಿಲ್ಲುತ್ತೀರಾ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಪ್ಪ ಬಾಗಿಲ ಹೊರಗೆ ನಿಲ್ಲಲಿಲ್ಲ, ರಸ್ತೆಯನ್ನೇ ದಾಟಿ ಆಚೆ ಬದಿಯ ಕಂಬದ ಹತ್ತಿರ ನಿಂತರು. ಆವತ್ತಿನಿಂದ ನಾನು ಆ ಅಂಗಡಿಯಲ್ಲಿ ಇದ್ದಷ್ಟು ದಿನವೂ ಅದೇ ಅವರ ಜಾಗವಾಯಿತು. ದೂರ ನಿಲ್ಲುವುದನ್ನು ನಮ್ಮಪ್ಪನಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ, ಅದು ಅವರಿಗೆ ಹುಟ್ಟಿನಿಂದ ಬಂದ ಪಾಠ.

ಇದನ್ನು ಬಿಡಿಸಿ ಹೇಳಬೇಕು. ನಮ್ಮದು ಊರ ಹೊರಗಿನ ಕೇರಿಯಿಂದ ಬಂದ ಕುಟುಂಬ. ಈಗ ತವರು, ಗಂಡನ ಮನೆ ಎರಡೂ ಕಡೆಯವರು ಬುದ್ಧವಿಹಾರಕ್ಕೆ ಹೋಗುತ್ತೇವೆ, ಮನೆಯ ಗೋಡೆಯ ಮೇಲೆ ನೀಲಿ ಕೋಟಿನ ಫೋಟೋ ಇದೆ. ಆದರೆ ಅಪ್ಪನ ಬಾಲ್ಯದಲ್ಲಿ, ನನ್ನ ಅತ್ತೆಯ ಬಾಲ್ಯದಲ್ಲಿ, ಬಾವಿಯಿಂದ ಇಷ್ಟು ದೂರ, ಕಟ್ಟೆಯಿಂದ ಇಷ್ಟು ದೂರ ಎಂದು ಅಳತೆಗಳಿದ್ದವು. ಕೊಡ ಕೆಳಗಿಟ್ಟು, ಯಾರಾದರೂ ಮೇಲಿನಿಂದ ನೀರು ಸುರಿಯುವವರೆಗೆ ಕಾಯಬೇಕಿತ್ತು. ಅಪ್ಪ ಆ ಅಳತೆಗಳನ್ನು ಮೈಯಲ್ಲೇ ಇಟ್ಟುಕೊಂಡಿದ್ದರು.

ಮದುವೆಯಾಗಿ ಜಹೀರಾಬಾದಿಗೆ ಬಂದೆ. ನಾವು ಎರಡು ಕೋಣೆಯ ಮನೆ ಕಟ್ಟಿದಾಗ ಅಪ್ಪ ನೆಲಕ್ಕೆ ಬೇಕಾದ ಫರಸಿಯನ್ನೆಲ್ಲ ತಾಂಡೂರಿನಿಂದ ಕಳಿಸಿದರು. ಅಂಗಳಕ್ಕೆ ಬಾಗಿಲಿರುವ ಬಚ್ಚಲಿಗೆ ಹಾಸಿದ ನಾಲ್ಕು ಕಲ್ಲುಗಳ ಅಂಚನ್ನು ತಾವೇ ಉಜ್ಜಿದ್ದರು. ಗಾಜಿನ ಕೆಲಸವನ್ನು ನಾನು ಮೊದಲು ಅಂಗಡಿಯಲ್ಲೇ ಮಾಡಿ ನೋಡಿದೆ. ಲಾರಿ ಒಂದು ಹೋದರೆ ಹತ್ತು ನಿಮಿಷ ಧೂಳು ಇಳಿಯುತ್ತಿರಲಿಲ್ಲ, ಇಟ್ಟ ಗಾಜುಗಳಲ್ಲಿ ಅರ್ಧ ವಾಪಸ್. ಅಡುಗೆಮನೆಯಲ್ಲಿ ಮಾಡಿದೆ, ಅಲ್ಲಿ ಹಿಟ್ಟು. ಮಲಗುವ ಕೋಣೆಯಲ್ಲಿ ಹಾಸಿಗೆಯ ಹತ್ತಿ. ಕೊನೆಗೆ ಒಂದು ದಿನ ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲಿಗೆ ಹೋದಾಗ, ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಒಂದು ಕಣವೂ ಆಡುತ್ತಿರಲಿಲ್ಲ. ನೀರಿನ ಆವಿ ಗಾಳಿಯಲ್ಲಿದ್ದುದನ್ನೆಲ್ಲ ಕೆಳಗೆ ಎಳೆದುಕೊಂಡುಬಿಟ್ಟಿತ್ತು.

ಅಲ್ಲಿಂದ ನನ್ನ ಶಾಸ್ತ್ರ ಶುರುವಾಯಿತು. ಹನ್ನೊಂದು ಗಂಟೆಗೆ ಗೀಜರಿನ ಬಿಸಿ ನೀರನ್ನು ಗೋಡೆಗೆ, ನೆಲಕ್ಕೆ ಸುರಿದು ಬಾಗಿಲು ಮುಚ್ಚುವುದು. ಆವಿ ಇಳಿಯುವವರೆಗೆ ಹೊರಗೆ ಕಾಯುವುದು. ಹೊಸ್ತಿಲಿಗೆ ಒದ್ದೆ ಬಟ್ಟೆ. ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ, ಮೈಗೆ ಗಂಡನ ರೇನ್‌ಕೋಟು, ಯಾಕೆಂದರೆ ಹತ್ತಿಯ ಬಟ್ಟೆಯಿಂದ ಎಳೆ ಉದುರುತ್ತದೆ. ಮಗುಚಿ ಹಾಕಿದ ಟಬ್ಬಿನ ಮೇಲೆ ಒಂದು ಹಲಗೆ, ಅದೇ ನನ್ನ ಟೇಬಲ್ಲು. ಹನ್ನೊಂದರಿಂದ ಒಂದು ಗಂಟೆಯವರೆಗೆ ಯಾರೂ ಆ ಬಾಗಿಲು ಮುಟ್ಟುವಂತಿಲ್ಲ, ತಟ್ಟುವಂತಿಲ್ಲ, ಹತ್ತಿರ ನಿಂತು ಬಟ್ಟೆ ಕೊಡವುವಂತಿಲ್ಲ. ತಟ್ಟಿದರೆ ಬಾಗಿಲ ಸಂದಿನ ಧೂಳು ಒಳಗೆ ಉದುರುತ್ತದೆ ಎಂದು ನಾನೇ ಎಲ್ಲರಿಗೂ ಬೈದು ಹೇಳಿದ್ದೆ.

ಅತ್ತೆಗೆ ಇದು ಭಾರೀ ತಮಾಷೆಯಾಗಿತ್ತು. ಮೊದಲ ದಿನವೇ ನಾನು ಒದ್ದೆ ಬಟ್ಟೆ ದಾಟಿ ಒಳಗೆ ಹೋಗುವುದನ್ನು ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಮದ್ಲ ಊರ ಮಂದಿ ನಮಗ ಮಡಿ ಮಾಡ್ತಿದ್ರು. ಈಗ ನಮ್ಮನ್ಯಾಗೇ ಮಡಿ ಬಂತು ನೋಡು."

ನಾನೂ ನಕ್ಕೆ. ಆಮೇಲೆ ಅದೇ ಹೆಸರು ನಿಂತಿತು. ನೆರೆಯವರು ಕೇಳಿದರೆ, ಸೊಸೆ ಮಡಿಯಲ್ಲಿದ್ದಾಳೆ, ಒಂದು ಗಂಟೆಗೆ ಬಾ ಎಂದು ಅತ್ತೆ ಕಳಿಸುತ್ತಿದ್ದರು. ಗಂಡ ಅಂಗಡಿಯಿಂದ ಫೋನು ಮಾಡಿ ಮಡಿ ಮುಗಿಯಿತೇ ಎಂದು ಕೇಳುತ್ತಿದ್ದರು. ಗಾಜುಗಳು ವಾಪಸ್ ಬರುವುದು ನಿಂತಿತು, ನಾರಾಯಣಖೇಡದವನು ಡಬ್ಬಿಯ ಮೇಲೆ ಡಬ್ಬಿ ಕಳಿಸತೊಡಗಿದ. ನನಗೆ ಜಂಬ ಬಂದಿದ್ದೂ ನಿಜ, ತಾಂಡೂರಿನ ಉಸ್ತಾದರಿಗೂ ಆಗದ್ದನ್ನು ನಾನು ಮಾಡಿದ್ದೆ.

ಅಪ್ಪ ನಮ್ಮ ಮನೆಗೆ ಬಂದದ್ದು ದಮ್ಮು ಹೆಚ್ಚಾದ ಮೇಲೆ. ಅವ್ವ ಮೊದಲೇ ತೀರಿಹೋಗಿದ್ದಳು. ಅಪ್ಪ ತಾಂಡೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದರು, ಆ ಮನೆ ಕಲ್ಲಿನ ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದೆ. ಅಲ್ಲಿರಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅಣ್ಣನೇ ಬಸ್ಸಿನಲ್ಲಿ ಕೂರಿಸಿ ಕರೆತಂದ. ಮಗಳ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದೆಂದರೆ ಅಪ್ಪನಿಗೆ ಮೈಯೆಲ್ಲ ಮುಳ್ಳು. ನೀರು ಬೇಕಾದರೂ ಕೇಳುತ್ತಿರಲಿಲ್ಲ, ಯಾರಾದರೂ ಆ ಕಡೆ ಹೋಗುವವರೆಗೆ ಕಾಯುತ್ತಿದ್ದರು. ಅತ್ತೆ, ಬೀಗರೇ ಇದೂ ನಿಮ್ಮ ಮನೆಯೇ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅಪ್ಪ ತಲೆಯಾಡಿಸುತ್ತಿದ್ದರು, ಅಂಗಳದ ಮಂಚ ಬಿಟ್ಟು ಒಳಗೆ ಬರುತ್ತಿರಲಿಲ್ಲ.

ನನ್ನ ಕೆಲಸದ ನಿಯಮವನ್ನು ನಾನು ಅವರಿಗೆ ಹೇಳಲೇ ಇಲ್ಲ. ಅವರೇ ನೋಡಿ ತಿಳಿದುಕೊಂಡರು. ಹನ್ನೊಂದಕ್ಕೆ ನಾನು ರೇನ್‌ಕೋಟು ಹಾಕುವುದು ಕಂಡರೆ ಎದ್ದು ಮಂಚವನ್ನು ಕಾಂಪೌಂಡಿನ ಗೋಡೆಯವರೆಗೆ ಎಳೆದುಕೊಂಡು ಹೋಗುತ್ತಿದ್ದರು. ಕಲ್ಲಿನ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು, ಒಗೆದ ಬಟ್ಟೆ ಉಟ್ಟಿರುತ್ತಿದ್ದರು, ಆದರೂ ತಮ್ಮ ಮೈಯಲ್ಲಿ ಧೂಳಿದೆ ಎಂದೇ ಅವರ ನಂಬಿಕೆ. ಹಾಗಿಲ್ಲ, ಇಲ್ಲೇ ಕೂತಿರು ಎಂದು ನಾನು ಒಂದು ಸಲವಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅವರು ದೂರ ಹೋದರೆ ನನಗೆ ಒಳ್ಳೆಯದೇ ಅನಿಸುತ್ತಿತ್ತು.

ಆ ದಿನ ನಾರಾಯಣಖೇಡಕ್ಕೆ ಎಂಟು ಡಿಸ್‌ಪ್ಲೇ ಹೋಗಬೇಕಿತ್ತು, ಮಧ್ಯಾಹ್ನದ ಬಸ್ಸಿಗೆ. ಗಂಡ ಅಂಗಡಿಯಲ್ಲಿದ್ದರು. ಅತ್ತೆ ತಂಗಿಯನ್ನು ನೋಡಲು ಝರಾಸಂಗಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಎಂದಿನಂತೆ ನೀರು ಹೊಯ್ದು, ಕಾದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾಲ್ಕು ಗಾಜು ಸರಾಗವಾಗಿ ಕೂತವು. ಐದನೆಯದನ್ನು ಇಡುವಾಗ ಹೊರಗೆ ಕೆಮ್ಮು ಕೇಳಿಸಿತು. ಕೆಮ್ಮು ಹೊಸದಲ್ಲ, ಕಿವಿಗೆ ರೂಢಿಯಾಗಿಹೋಗಿತ್ತು.

ಆರನೆಯದು ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ ಗೋಡೆಯ ಗೂಡಿನಲ್ಲಿ ಅಪ್ಪನ ಪಂಪು ಕಂಡಿತು. ಉಸಿರು ಕಟ್ಟಿದಾಗ ಬಾಯಿಗೆ ಹಿಡಿದು ಒತ್ತಿಕೊಳ್ಳುವ ಆ ನೀಲಿ ಪಂಪು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಅವರು ಅದನ್ನು ಜೊತೆಗೆ ಒಯ್ದಿದ್ದರು, ಸೋಪಿನ ಪಕ್ಕದಲ್ಲಿಟ್ಟು ಮರೆತಿದ್ದರು. ನಾನು ಅದನ್ನು ನೋಡಿದೆ. ಇಲ್ಲಿ ಮಾತು ತಿರುಗಿಸುವಂತಿಲ್ಲ, ಚೆನ್ನಾಗಿ ನೋಡಿದೆ. ಅದೇ ಹೊತ್ತಿಗೆ ಚಪ್ಪಲಿಯ ಸದ್ದು ಬಾಗಿಲ ಹತ್ತಿರ ಬಂತು, ಒಂದು ಕ್ಷಣ ನಿಂತಿತು, ಮತ್ತೆ ದೂರ ಹೋಯಿತು. ಬಾಗಿಲು ತಟ್ಟಲಿಲ್ಲ, ಆದ್ದರಿಂದ ಪಂಪಿನ ಅವಸರವಿಲ್ಲ ಎಂದುಕೊಂಡೆ. ತಟ್ಟಬಾರದು ಎಂಬ ನಿಯಮ ಮಾಡಿದವಳೂ ನಾನೇ.

ಏಳನೆಯದರ ಗಮ್ ಶೀಟಿನ ಮೇಲಿನ ಹಾಳೆಯನ್ನು ಆಗಲೇ ಸುಲಿದಾಗಿತ್ತು. ಸುಲಿದ ಶೀಟನ್ನು ಹಾಗೇ ಬಿಟ್ಟರೆ ಎರಡು ನಿಮಿಷದಲ್ಲಿ ಧೂಳು ಹಿಡಿಯುತ್ತದೆ, ಅದನ್ನು ಮುಗಿಸಿಯೇ ಏಳಬೇಕು. ಏಳನೆಯದಕ್ಕೆ ನನಗೆ ಆ ನೆಪವಿತ್ತು. ಎಂಟನೆಯದಕ್ಕೆ ಯಾವ ನೆಪವೂ ಇರಲಿಲ್ಲ. ಇದೊಂದು ಆದರೆ ಆಯಿತು, ಬಾಗಿಲು ತೆರೆದರೆ ಮತ್ತೆ ನೀರು ಹೊಯ್ದು ಕಾಯಬೇಕು, ಬಸ್ಸು ತಪ್ಪುತ್ತದೆ ಎಂದುಕೊಂಡು ಹಾಳೆ ಸುಲಿದೆ. ಕೆಮ್ಮು ಕಡಿಮೆಯಾದದ್ದು ಕೇಳಿಸಿತು. ಕಡಿಮೆಯಾಗಿದೆ ಎಂದರೆ ಆರಾಮವಾಗಿದೆ ಎಂದು ಅರ್ಥ ಮಾಡಿಕೊಂಡೆ. ಉಸಿರು ಹಿಡಿದು ಗಾಜನ್ನು ಒಂದು ಕಡೆಯಿಂದ ನಿಧಾನವಾಗಿ ಇಳಿಸಿದೆ. ಒಂದು ಗುಳ್ಳೆಯೂ ಇಲ್ಲದೆ ಕೂತಿತು.

ಬಾಗಿಲು ತೆರೆದಾಗ ಅಪ್ಪ ಅಂಗಳದ ಆ ತುದಿಯಲ್ಲಿ, ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದರು. ಒಂದು ಕೈ ಮೊಣಕಾಲಿಗೆ ಊರಿ, ಭುಜಗಳನ್ನು ಕಿವಿಯವರೆಗೆ ಏರಿಸಿಕೊಂಡಿದ್ದರು. ಮುಖ ಗೋಡೆಯ ಕಡೆಗಿತ್ತು, ಬೆನ್ನು ನನ್ನ ಕಡೆಗೆ. ಇನ್ನೊಂದು ಕೈಯಲ್ಲಿ ಬಾಯಿಯ ಮೇಲೆ ಟವೆಲು ಒತ್ತಿ ಹಿಡಿದಿದ್ದರು. ಕೆಮ್ಮಿದರೆ ಬಚ್ಚಲಿನ ಬಾಗಿಲಿಗೆ ಧೂಳು ಹಾರಬಾರದೆಂದು ಆ ಕಡೆ ತಿರುಗಿ ಕೂತಿದ್ದರು. ನಾನು ಓಡಿಹೋಗಿ ಪಂಪನ್ನು ಬಾಯಿಗೆ ಹಿಡಿದೆ. ತುಟಿ ನೀಲಿಯಾಗಿದ್ದವು, ಒತ್ತಿದ್ದು ಒಳಗೆ ಹೋಗುತ್ತಿರಲಿಲ್ಲ. ಮೂರನೆಯ ಸಲಕ್ಕೆ ಒಂದಿಷ್ಟು ಎಳೆದುಕೊಂಡರು. ಮಾತು ಬಂದ ಕೂಡಲೇ ಕೇಳಿದ್ದು ಇದನ್ನು.

"ಆತೇನವಾ? ಒಳಗ ಗಾಳಿ ನಿಂತಿಲ್ಲಲಾ?"

ಗಂಡನಿಗೆ ಫೋನು ಮಾಡಿ ಕರೆಸಿ, ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಮೂರು ದಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಲ್ಲಲ್ಲಿ ಬಿಳಿ ಚುಕ್ಕೆಗಳನ್ನು ಪೆನ್ನಿನ ತುದಿಯಿಂದ ತೋರಿಸುತ್ತ, ಇದು ಕಲ್ಲಿನ ಧೂಳು, ಒಳಗೆ ಕೂತುಬಿಟ್ಟಿದೆ, ತೆಗೆಯಲು ಬರುವುದಿಲ್ಲ ಎಂದರು. ಗಂಡ ಮತ್ತೆ ಮತ್ತೆ ಏನೇನೋ ಕೇಳುತ್ತಿದ್ದರು. ನನಗೆ ಕೇಳುವುದೇನೂ ಇರಲಿಲ್ಲ, ಈ ಮಾತನ್ನು ನಾನು ಹತ್ತು ವರ್ಷದ ಹಿಂದೆಯೇ ಕಲಿತಿದ್ದೆ.

ಆವತ್ತು ಸಂಜೆ ಅತ್ತೆ ಝರಾಸಂಗದಿಂದ ನೇರ ಆಸ್ಪತ್ರೆಗೆ ಬಂದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಪಂಪು ಕಂಡದ್ದನ್ನೂ ಬಿಡದೆ ಹೇಳಿದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಒಳಗೆ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ವಾರ್ಡಿನ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡದೆ ಮೆಲ್ಲಗೆ ಹೇಳಿದರು.

"ನಾ ನಗಚಾಟಿಗಿ ಮಡಿ ಅಂದಿದ್ದೆ. ನೀ ಖರೇನೇ ಮಾಡಿಬಿಟ್ಟಿ."

ಅದಾದ ಮೇಲೆ ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಬಾಯಲ್ಲಿ ತರಲಿಲ್ಲ. ಆ ಎಂಟು ಡಿಸ್‌ಪ್ಲೇಗಳನ್ನು ಮಾರನೆಯ ದಿನ ಗಂಡ ಬಸ್ಸಿಗೆ ಹಾಕಿದರು. ತಡವಾದದ್ದಕ್ಕೆ ನಾರಾಯಣಖೇಡದವನು ಒಂದು ಮಾತೂ ಆಡಲಿಲ್ಲ. ಬದಲಿಗೆ ಅಕ್ಕ, ಇಷ್ಟು ಸಾಫ್ ಕೆಲಸ ಹೈದರಾಬಾದಿನಲ್ಲೂ ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿ ಕಳಿಸಿದ್ದ. ಆ ಎಂಟರಲ್ಲಿ ಒಂದೂ ವಾಪಸ್ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ತಾಂಡೂರಿಗೆ ಹೋಗುತ್ತೇನೆ ಎಂದು ಹಟ ಹಿಡಿದರು. ತಮ್ಮಿಂದ ನನ್ನ ಕೆಲಸ ಕೆಡುತ್ತದೆ ಎಂಬುದು ಅವರ ಲೆಕ್ಕ. ನಾನು ಹದಿನೈದು ದಿನ ಗಾಜು ಮುಟ್ಟಲಿಲ್ಲ. ಅದರಿಂದ ಅವರಿಗೆ ಇನ್ನೂ ಸಂಕಟವಾಯಿತೇ ಹೊರತು ಸಮಾಧಾನವಾಗಲಿಲ್ಲ. ಹನ್ನೊಂದಾಯಿತು, ನೀರು ಹೊಯ್ಯುವುದಿಲ್ಲವೇ ಎಂದು ದಿನವೂ ಅವರೇ ಕೇಳುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಪಾತ್ರೆ ತೊಳೆಯಲು ಕೂರುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಹೊಳೆಯಿತು. ಮನೆಯಲ್ಲಿ ಧೂಳಿಲ್ಲದ ಗಾಳಿ ಇರುವುದು ಒಂದೇ ಕಡೆ. ಅದನ್ನು ಮೂರು ವರ್ಷ ನಾನು ಮೊಬೈಲುಗಳಿಗೆ ಕೊಟ್ಟಿದ್ದೆ. ಆ ಬಾಗಿಲಿನ ಹೊರಗೆ, ಗೋಡೆಯ ಅಂಚಿಗೆ ಕೂತು, ನಮ್ಮಪ್ಪ ಲಾರಿ ಎಬ್ಬಿಸಿದ ಧೂಳನ್ನು ಉಸಿರಾಡುತ್ತಿದ್ದರು. ಇದು ಹೊಳೆಯಲು ಅವರ ತುಟಿ ನೀಲಿಯಾಗಬೇಕಾಯಿತು. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. ಅದು ಸ್ಟೀಲಿನದು, ಏನೂ ಆಗಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ನೀರು ಹೊಯ್ದು, ಆವಿ ಇಳಿದ ಮೇಲೆ ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅಪ್ಪನನ್ನು ಕರೆದೆ. ಬರಲಿಲ್ಲ. ನಾನು ಒಳಗೆ ಬಂದರೆ ನಿನ್ನ ಗಾಜು ಕೆಡುತ್ತವೆ ಎಂದರು. ಕೆಡಲಿ ಎಂದೆ. ಅತ್ತೆಯೂ ಬಂದು ಅವರ ಕೈ ಹಿಡಿದು ಎಬ್ಬಿಸಿದರು. ಹೊಸ್ತಿಲವರೆಗೆ ಬಂದವರು ಒದ್ದೆ ಬಟ್ಟೆಯ ಮುಂದೆ ನಿಂತುಬಿಟ್ಟರು. ಕೊನೆಗೆ ತಮಗೂ ಒಂದು ರೇನ್‌ಕೋಟು ಕೊಟ್ಟರೆ ಮಾತ್ರ ಬರುತ್ತೇನೆ ಎಂದರು. ಅಂಗಡಿಯಲ್ಲಿದ್ದ ಇನ್ನೊಂದನ್ನು ತರಿಸಿ ಹಾಕಿದೆವು. ತಲೆಗೆ ಟೊಪ್ಪಿಗೆಯನ್ನೂ ತಾವೇ ಕೇಳಿ ಹಾಕಿಕೊಂಡರು. ಹೊರಗೆ ಬಿರುಬಿಸಿಲು, ಒಳಗೆ ತಂದೆ ಮಗಳು ಇಬ್ಬರೂ ಮಳೆಗೆ ಹೊರಟವರಂತೆ ಕೂತೆವು. ಅತ್ತೆ ಬಾಗಿಲು ಮುಂದಕ್ಕೆ ಎಳೆಯುತ್ತ ನಗಲು ನೋಡಿದರು, ಆಗಲಿಲ್ಲ.

ಅಪ್ಪ ಕಾಲಡಿಯ ಕಲ್ಲನ್ನು ನೋಡಿದರು. ಕಾಲಿನ ಹೆಬ್ಬೆರಳಿನಿಂದ ಅಂಚನ್ನು ಸವರಿ, ಇದು ನಾನು ಉಜ್ಜಿದ್ದು ಎಂದರು. ಗೊತ್ತು ಎಂದೆ. ಇಲ್ಲಿ ಉಸಿರು ಹಗುರಾಗಿದೆ ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಇವತ್ತಿಗೂ ತಿಳಿಯದು. ಸುಮ್ಮನೆ ಕೂತರೆ ಎದ್ದು ಹೋಗುತ್ತಾರೆಂದು ನಾನು ಒಂದು ಡಿಸ್‌ಪ್ಲೇ ಎತ್ತಿಕೊಂಡೆ, ಒರೆಸಿದೆ, ಗಮ್ ಶೀಟು ಹಾಸಿದೆ. ಹಾಳೆ ಸುಲಿದು, ಗಾಜನ್ನು ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸದಂತೆ ಉಸಿರು ಕಟ್ಟಿ ಇಳಿಸತೊಡಗಿದೆ.

ಆಗ ಬಚ್ಚಲುಮನೆ ತೀರಾ ನಿಶ್ಶಬ್ದವಾಯಿತು. ಅಪ್ಪ ಇದ್ದಲ್ಲಿ ಯಾವಾಗಲೂ ಒಂದು ಸದ್ದು ಇರುತ್ತಿತ್ತು, ಹಳೆಯ ಬಾಗಿಲು ತೆರೆದು ಮುಚ್ಚಿದಂತೆ ಎದೆಯ ಸದ್ದು. ಅದು ನಿಂತಿತ್ತು. ಗಾಜನ್ನು ಅರ್ಧಕ್ಕೆ ಹಿಡಿದುಕೊಂಡೇ ತಿರುಗಿ ನೋಡಿದೆ. ಅಪ್ಪ ಬಾಯಿ ಬಿಗಿದು, ಕಣ್ಣು ನನ್ನ ಕೈಯ ಮೇಲಿಟ್ಟು, ಮೊಣಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಕುತ್ತಿಗೆಯ ನರ ಎದ್ದಿದ್ದವು. ನನ್ನ ಗಾಜಿಗೆ ಧೂಳು ಬೀಳಬಾರದೆಂದು ಅವರೂ ಉಸಿರು ಹಿಡಿದಿದ್ದರು.

"ಉಸುರು ಬಿಡಪಾ," ಎಂದೆ.

ಅವರು ಮೊದಲು ಕೂರಿಸು ಎಂದು ಗದ್ದದಿಂದ ಗಾಜನ್ನು ತೋರಿಸಿದರು. ನಾನು ಅದನ್ನು ಹೇಗೋ ಇಳಿಸಿ ಕೈಬಿಟ್ಟೆ. ಆಮೇಲೆ ಅವರು ಉಸಿರು ಬಿಟ್ಟರು, ಬಿಟ್ಟದ್ದೇ ಕೆಮ್ಮು ಹತ್ತಿತು, ನಾನು ಬೆನ್ನು ಸವರುತ್ತ ನಿಂತೆ. ಬಹಳ ಹೊತ್ತಿನ ಮೇಲೆ, ಏನೋ ತಪ್ಪು ಮಾಡಿದವರಂತೆ, ಅಷ್ಟು ಹೊತ್ತು ತಡೆಯಲು ಆಗುತ್ತದೆ ಎಂದುಕೊಂಡಿದ್ದೆ ಎಂದರು.

"ರೂಢಿ ಅದವಾ ನಂಗ. ಕಲ್ಲಿನ ಧೂಳ ಎದ್ದಾಗ ಹಿಂಗೇ ಹಿಡೀತಿದ್ವಿ, ಇಳದ ಮ್ಯಾಲ ಬಿಡ್ತಿದ್ವಿ."

ಮೂವತ್ತು ವರ್ಷ ಅಲ್ಲಿ ಇಳಿಯದ ಧೂಳಿಗೆ ಕಾದ ಮನುಷ್ಯ. ಆ ಡಿಸ್‌ಪ್ಲೇಯನ್ನು ಬೆಳಕಿಗೆ ಹಿಡಿದಾಗ ನಡುವೆ ಒಂದು ಗುಳ್ಳೆ ಉಳಿದಿತ್ತು. ಮಷೀನಿಗೆ ಹಾಕಿದೆ, ಹೋಯಿತು. ಬೆಳಿಗ್ಗೆ ಮತ್ತೆ ಎದ್ದಿತ್ತು. ಅಪ್ಪನಿಗೆ ತೋರಿಸಲಿಲ್ಲ. ಅದು ಕೊಹೀರಿನ ಒಬ್ಬ ಟೀಚರಮ್ಮನ ಫೋನು, ಅವರಿಗೆ ನನ್ನ ಖರ್ಚಿನಲ್ಲೇ ಇನ್ನೊಂದು ಡಿಸ್‌ಪ್ಲೇ ಹಾಕಿ ಕೊಟ್ಟೆ. ಕೆಟ್ಟದ್ದನ್ನು ಡ್ರಾಯರಿನಲ್ಲಿ ಇಟ್ಟೆ. ಅದರಲ್ಲಿ ಅಪ್ಪನ ಉಸಿರಿದೆ ಎಂದು ಕಲ್ಪಿಸಿಕೊಳ್ಳುವಷ್ಟು ಮರುಳಿ ನಾನಲ್ಲ. ಅದರಲ್ಲಿರುವುದು ಒಂದು ಕಣ ಧೂಳು, ಎಲ್ಲಿಂದ ಬಂತೋ.

ಆಮೇಲೆ ದಿನವೂ ಹನ್ನೊಂದರಿಂದ ಒಂದರವರೆಗೆ ಆ ಕೋಣೆ ಅಪ್ಪನದಾಯಿತು. ಆ ಹೊತ್ತಿನಲ್ಲಿ ನಾನು ಅಲ್ಲಿ ಗಾಜು ಇಡುವುದನ್ನು ನಿಲ್ಲಿಸಿದೆ. ಇಟ್ಟರೆ ಅವರು ಉಸಿರು ಹಿಡಿಯುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಅವರು ಹೊರಗೆ ಬಂದ ಮೇಲೆ, ಬಸ್ಸಿಗೆ ಹೊತ್ತಾಗುತ್ತದೆಂದು ಮತ್ತೆ ನೀರು ಹೊಯ್ಯದೆಯೇ ಮಾಡುತ್ತಿದ್ದೆ. ನಾರಾಯಣಖೇಡದ ಡಬ್ಬಿಗಳು ಕಡಿಮೆಯಾದವು. ಗಂಡ ಒಂದು ಸಲ ಬಾಯಿ ತೆರೆದರು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡರು. ನಾಲ್ಕು ತಿಂಗಳು ಹೀಗೆ ನಡೆಯಿತು. ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಅದೇ ಕುರ್ಚಿಯಿಂದ ಎದ್ದು ಬಂದು ಮಂಚದ ಮೇಲೆ ಒರಗಿದ ಅಪ್ಪ ಮತ್ತೆ ಏಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಈ ಸಲ ಬಾಗಿಲಿನ ಆಚೆ ಇರಲಿಲ್ಲ, ಅಷ್ಟೇ ನಾನು ಹೇಳಿಕೊಳ್ಳಬಹುದಾದದ್ದು. ಅದರಿಂದ ಆ ಎಂಟನೆಯ ಗಾಜಿನ ಹೊತ್ತು ನನಗೆ ವಾಪಸ್ ಸಿಗುವುದಿಲ್ಲ.

ಕೆಲಸ ಬಿಡಲು ಆಗಲಿಲ್ಲ, ನನಗೆ ಬರುವುದು ಇದೊಂದೇ. ಈಗಲೂ ಹನ್ನೊಂದಕ್ಕೆ ನೀರು ಹೊಯ್ಯುತ್ತೇನೆ, ರೇನ್‌ಕೋಟು ಹಾಕುತ್ತೇನೆ. ಬಾಗಿಲಿನ ಚಿಲಕ ಮಾತ್ರ ತೆಗೆಸಿಬಿಟ್ಟಿದ್ದೇನೆ. ಬೇಕಾದವರು ಬೇಕಾದಾಗ ತಟ್ಟುತ್ತಾರೆ, ಅತ್ತೆಯಂತೂ ತಟ್ಟದೆಯೇ ಒಳಗೆ ಬಂದು ಸೋಪು ಒಯ್ಯುತ್ತಾರೆ. ಗಾಜು ಇಳಿಸುವಾಗ ನಾನು ಉಸಿರು ಹಿಡಿಯುವುದಿಲ್ಲ. ಒಂದೆರಡು ಸಲ ನೋಡಿದೆ, ಹಿಡಿದ ಕೂಡಲೇ ಪಕ್ಕದಲ್ಲಿ ಇನ್ನೂ ಇರುವ ಅಪ್ಪನ ಕುರ್ಚಿಯ ಕಡೆ ಕಣ್ಣು ಹೋಗುತ್ತದೆ. ಹತ್ತರಲ್ಲಿ ಎರಡೋ ಮೂರೋ ಗುಳ್ಳೆ ಎದ್ದು ವಾಪಸ್ ಬರುತ್ತವೆ. ಬರಲಿ ಬಿಡಿ, ಮತ್ತೆ ಮಾಡಿಕೊಡುತ್ತೇನೆ.